ಎಡಗಾಲಿನ ಸದ್ದು

ಆ ಭಾನುವಾರ ಎಲ್ಲ ಭಾನುವಾರಗಳಂತೆಯೇ ಇತ್ತು. ವಿಜಯನಗರದಲ್ಲಿ ಮೆಟ್ರೊ ಹತ್ತಿ ಕೆಂಗೇರಿಯಲ್ಲಿ ಇಳಿದೆ. ಉಪನಗರದಲ್ಲಿರುವ ತಮ್ಮ ಮಗಳ ಮನೆಯ ಗೇಟಿನ ಹತ್ತಿರ ಬಸಲಿಂಗಪ್ಪನವರು ಆಗಲೇ ಬಂದು ನಿಂತಿದ್ದರು. ಹಣೆಯಲ್ಲಿ ವಿಭೂತಿ, ತಲೆಗೆ ಮಂಕಿ ಕ್ಯಾಪು, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು, ಕೈಯಲ್ಲಿ ಕೋಲು. ಎಂಬತ್ತಾರು ವರ್ಷದ ಅವರು, ಅರವತ್ತೊಂಬತ್ತು ವರ್ಷದ ನನ್ನನ್ನು, ಶಾಲೆಗೆ ತಡವಾಗಿ ಬಂದ ಹುಡುಗನನ್ನು ನೋಡುವಂತೆ ನೋಡಿ, ಒಮ್ಮೆ ಕೈಗಡಿಯಾರದ ಕಡೆ ಕಣ್ಣು ಹಾಯಿಸಿದರು. ಆಮೇಲೆ ಕೋಲಿನ ತುದಿಯಿಂದ ರಸ್ತೆ ತೋರಿಸಿದರು. ನಾನು ಮುಂದೆ, ಅವರು ಹಿಂದೆ. ಐವತ್ತು ವರ್ಷ ನಾವು ನಡೆದದ್ದು ಹೀಗೆಯೇ. ಪಕ್ಕಪಕ್ಕದಲ್ಲಿ ನಡೆದ ನೆನಪು ನನಗಿಲ್ಲ.

ಪಾರ್ಕಿನ ಎರಡನೆಯ ಸುತ್ತಿನಲ್ಲಿ ಹಿಂದಿನಿಂದ ಮಾತು ಬಂತು.

"ಎಡಗಾಲು ಏಳ್ತಾ ಐತಿ, ತಮ್ಮ."

"ಈ ವಯಸ್ಸಲ್ಲಿ ಅದು ಏಳ್ತಾ ಇರೋದೇ ಹೆಚ್ಚಲ್ವಾ ಸಾರ್?" ಎಂದೆ.

"ಏಳಬಾರದು."

ಅಷ್ಟೇ. ಕಾಫಿ ಕುಡಿದು, ಅವರ ಮಗಳು ಕೊಟ್ಟ ಅವರೆಕಾಯಿ ಚೀಲ ಹಿಡಿದುಕೊಂಡು ಹೊರಟೆ. ಗೇಟು ದಾಟಿದ ಮೇಲೆ ತಿರುಗಿ ನೋಡಲಿಲ್ಲ. ನಡೆಯುವವನು ತಿರುಗಿ ನೋಡಿದರೆ ಸೊಂಟದ ಲಯ ತಪ್ಪುತ್ತದೆ ಎಂದು ಅವರೇ ಕಲಿಸಿದ್ದರು. ಬುಧವಾರ ಬೆಳಿಗ್ಗೆ ಅವರ ಮಗಳ ಫೋನು ಬಂತು. ನಿದ್ದೆಯಲ್ಲೇ ಹೋಗಿದ್ದರು.

ಕಾರ್ಯಗಳೆಲ್ಲ ಮುಗಿದ ಮೇಲೆ ಆಕೆ ಒಂದು ಹಳೆಯ ಎಣ್ಣೆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ಸೈಕಲ್ಲಿಗೆ ಎಣ್ಣೆ ಬಿಡುವ ತಗಡಿನ ಡಬ್ಬಿ. ಹಕ್ಕಿಯ ಕೊಕ್ಕಿನಂತೆ ಉದ್ದ ಮೂತಿ, ತಳ ಒತ್ತಿದರೆ ಟಿಕ್ ಎನ್ನುತ್ತದೆ. "ಅಪ್ಪ ಇದರ ಬಗ್ಗೆ ಏನೂ ಹೇಳಿರಲಿಲ್ಲ ಮಾಮ. ಎಸೆಯೋಕೆ ಮನಸ್ಸು ಬರಲಿಲ್ಲ" ಎಂದಳು. ಈಗ ಅದು ನನ್ನ ಕಿಟಕಿಯ ಮೇಲಿದೆ. ಎಣ್ಣೆ ಯಾವತ್ತೋ ಒಣಗಿದೆ, ವಾಸನೆ ಮಾತ್ರ ಹೋಗಿಲ್ಲ. ಆ ವಾಸನೆ ಮೂಗಿಗೆ ಬಂದರೆ ಸಾಕು, ಹತ್ತೊಂಬತ್ತರ ನನ್ನ ಕಾಲುಗಳು ನೋಯತೊಡಗುತ್ತವೆ. ನೀವೂ ಜೊತೆಗೆ ಬನ್ನಿ. ನಿಧಾನವಾಗಿಯೇ ಹೋಗೋಣ, ಮೊದಲ ಆರು ವಾರ ಯಾರೂ ಅವಸರ ಮಾಡಬಾರದು ಎಂಬುದು ಅವರ ಕಟ್ಟಪ್ಪಣೆಯಾಗಿತ್ತು.

ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮದು ಕುರುಬರಹಳ್ಳಿ. ಆಗಿನ್ನೂ ಅದು ಹಳ್ಳಿಯೆಂಬ ಹೆಸರಿಗೆ ತಕ್ಕಂತೆಯೇ ಇತ್ತು. ಅಪ್ಪ ಇರಲಿಲ್ಲ. ರಾಗಿ ಹೊಲ ಬಡಾವಣೆಗೆ ಹೋಗಿತ್ತು. ಮನೆಯಲ್ಲಿ ಉಳಿದದ್ದು ಅವ್ವ, ನಾನು, ಎರಡು ಎಮ್ಮೆ. ಎಮ್ಮೆ ಮೇಯುತ್ತಿದ್ದ ಬಯಲಿನಲ್ಲಿ ದಿನಕ್ಕೊಂದು ಪಾಯ ಏಳುತ್ತಿತ್ತು, ಅವ್ವ ಹುಲ್ಲಿಗಾಗಿ ಪ್ರತಿವಾರ ಇನ್ನಷ್ಟು ದೂರ ಹೋಗುತ್ತಿದ್ದಳು. ಎಸ್ಸೆಸ್ಸೆಲ್ಸಿಯನ್ನು ಎರಡನೆಯ ಸಲಕ್ಕೆ ಮುಗಿಸಿದ ನಾನು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿದ್ದೆ. ಲೇತಿನ ಮುಂದೆ ನಿಂತು ಉಕ್ಕು ಕಡೆಯುವುದು ನನ್ನ ಕೆಲಸ. ತರಬೇತಿ ಮುಗಿದ ಮೇಲೆ ಕೆಲವರನ್ನಷ್ಟೇ ಕಾಯಂ ಮಾಡಿಕೊಳ್ಳುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾರನ್ನು ಎಂಬುದು ಯಾರಿಗೂ ಗೊತ್ತಿರಲಿಲ್ಲ.

ನನಗೆ ಬೇಗ ಏಳುವ ಅಭ್ಯಾಸವಿತ್ತು, ಬೇಗ ಹೊರಡುವ ಅಭ್ಯಾಸವಿರಲಿಲ್ಲ. ಸೈರನ್ ಮೊಳಗುವ ಹೊತ್ತಿಗೆ ನಾನು ಗೇಟಿನ ಹೊರಗೆ ಓಡುತ್ತಿರುತ್ತಿದ್ದೆ. ಗೇಟಿನ ಒಳಗೆ ಓಡುವಂತಿರಲಿಲ್ಲ. ಯಂತ್ರಗಳಿರುವ ಜಾಗದಲ್ಲಿ ಓಡಿದವನಿಗೆ ದಂಡ ಎಂದು ಗೋಡೆಯ ಮೇಲೆಯೇ ಬರೆದಿದ್ದರು. ಹಾಗಾಗಿ ಗೇಟು ದಾಟಿದ ಕೂಡಲೇ ನನ್ನ ಓಟ ಒಂದು ವಿಚಿತ್ರ ನಡಿಗೆಯಾಗುತ್ತಿತ್ತು. ಮೇಲಿನ ಅರ್ಧ ಮರ್ಯಾದೆಯಿಂದ ನಡೆಯುತ್ತಿದೆ, ಕೆಳಗಿನ ಅರ್ಧ ಹೇಗೋ ಓಡುತ್ತಿದೆ. ಬಾತುಕೋಳಿಗೆ ತಡವಾದರೆ ಹೇಗಿರುತ್ತದೋ ಹಾಗೆ. ಒಂದು ದಿನ ಇನ್‌ಸ್ಪೆಕ್ಷನ್ ಸೆಕ್ಷನ್ನಿನ ಬಸಲಿಂಗಪ್ಪನವರು ಬಾಗಿಲಲ್ಲಿ ನಿಂತು ಇದನ್ನು ನೋಡಿದರು.

ಅವರನ್ನು ಕಂಡರೆ ಅಪ್ರೆಂಟಿಸ್‌ಗಳಿಗೆಲ್ಲ ಹೆದರಿಕೆ. ನಾವು ಕಡೆದ ತುಂಡುಗಳನ್ನು ಅಳೆದು ನೋಡಿ, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವವರು ಅವರು. ಬೈಯುತ್ತಿರಲಿಲ್ಲ. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಕೆಂಪು ಬಣ್ಣದ ಎದುರು ಏನು ಮಾತಾಡುವುದು? ಅವರ ಇನ್ನೊಂದು ಕೆಲಸ ನನಗೆ ಬೆರಗು ಹುಟ್ಟಿಸುತ್ತಿತ್ತು. ಉಕ್ಕನ್ನು ಉಜ್ಜುವ ಕಲ್ಲಿನ ಚಕ್ರ ಹೊಸದಾಗಿ ಬಂದಾಗ, ಅದನ್ನು ಬೆರಳಿಗೆ ನೇತುಹಾಕಿಕೊಂಡು ಮರದ ಹಿಡಿಯಿಂದ ಮೆಲ್ಲಗೆ ಬಡಿದು ಕೇಳುತ್ತಿದ್ದರು. ಚೆನ್ನಾಗಿದ್ದರೆ ಗಂಟೆಯಂತೆ ನಾದ. ಒಳಗೆ ಬಿರುಕಿದ್ದರೆ ಮಡಕೆಯ ಸದ್ದು. ಕಣ್ಣಿಗೆ ಕಾಣದ ಬಿರುಕು ಅವರ ಕಿವಿಗೆ ಕಾಣುತ್ತಿತ್ತು.

ಅಂಥವರು ನನ್ನನ್ನು ಕರೆದು, ನಾಳೆ ಬೆಳಿಗ್ಗೆ ಐದಕ್ಕೆ ಹೊಸ ಬಡಾವಣೆಯ ಖಾಲಿ ರಸ್ತೆಗೆ ಬರಬೇಕೆಂದಾಗ, ಇದು ಹೊಸ ಬಗೆಯ ದಂಡವೆಂದೇ ತಿಳಿದೆ. ಕಾರ್ಖಾನೆಗಳ ನಡುವಿನ ಆಟೋಟಗಳಲ್ಲಿ ಹತ್ತು ಕಿಲೊಮೀಟರಿನ ವೇಗದ ನಡಿಗೆ ಎಂಬುದೊಂದು ಇದೆಯೆಂದೂ, ನಮ್ಮ ತಂಡಕ್ಕೆ ಇಬ್ಬರು ಬೇಕೆಂದೂ, ತಂಡದಲ್ಲಿರುವವರನ್ನು ಕಾರ್ಖಾನೆ ಬಿಟ್ಟುಕೊಡುವುದಿಲ್ಲವೆಂದೂ ಆಮೇಲೆ ತಿಳಿಯಿತು. ಆಯ್ಕೆಗೆ ಆರು ವಾರ ಉಳಿದಿತ್ತು. ಅವ್ವನಿಗೆ ಹೇಳಿದೆ. ನನ್ನ ಕಾಯಂ ಕೆಲಸ ನನ್ನ ಕಾಲಲ್ಲಿದೆ ಎಂಬುದನ್ನು ಅವಳು ನಂಬಲಿಲ್ಲ, ಆದರೆ ಮಾರನೆಯ ದಿನ ನಾಲ್ಕೂವರೆಗೇ ಎಬ್ಬಿಸಿದಳು.

ಆ ರಸ್ತೆಯ ವಿಷಯ ಹೇಳಬೇಕು. ಈಗ ಬಸವೇಶ್ವರನಗರ ಎನ್ನುವ ಕಡೆ ಆಗ ರಸ್ತೆಗಳಿದ್ದವು, ಮನೆಗಳಿರಲಿಲ್ಲ. ಎರಡೂ ಬದಿಗೆ ನಂಬರು ಕೆತ್ತಿದ ಸೈಟು ಕಲ್ಲುಗಳು, ನಡುವೆ ನೆಟ್ಟಗೆ ಹೊಸ ಟಾರು. ಅದರಲ್ಲಿ ಒಂದು ರಸ್ತೆ ನಮ್ಮ ರಾಗಿ ಹೊಲದ ಮೇಲೆಯೇ ಹಾದುಹೋಗಿತ್ತು. ಅಪ್ಪ ಬುತ್ತಿ ಬಿಚ್ಚುತ್ತಿದ್ದ ಹುಣಸೆ ಮರ ಎಲ್ಲಿತ್ತು ಎಂದು ಕಣ್ಣು ಮುಚ್ಚಿ ಹೇಳಬಲ್ಲವನಾಗಿದ್ದೆ. ಬಸಲಿಂಗಪ್ಪನವರು ಆ ರಸ್ತೆಯ ಮೇಲೆ ಸುಣ್ಣದ ಪುಡಿಯಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದು, ಇದರ ಮೇಲೆ ನಡಿ ಎಂದರು. ಹೊಲ ನಮ್ಮದಾಗಿತ್ತು ಎಂದು ನಾನು ಹೇಳಲಿಲ್ಲ. ಅದೇ ನೆಲದ ಮೇಲೆ ಹಿಂದೆ ನೇಗಿಲಿನ ಹಿಂದೆ ನಡೆದಿದ್ದೆ. ಈಗ ಗೆರೆಯ ಮೇಲೆ ನಡೆದೆ. ಹತ್ತು ಹೆಜ್ಜೆಯಲ್ಲಿ ಎಂಟು ಗೆರೆಯ ಹೊರಗೆ ಬಿದ್ದವು.

ಮೊದಲ ವಾರವೆಲ್ಲ ಇಷ್ಟೇ. ಓಟವಿಲ್ಲ, ವೇಗವಿಲ್ಲ. ಹಿಮ್ಮಡಿ ಮೊದಲು ನೆಲ ಮುಟ್ಟಬೇಕು. ಕಾಲು ದೇಹದ ಕೆಳಗೆ ಬಂದಾಗ ಮೊಣಕಾಲು ನೆಟ್ಟಗಿರಬೇಕು. ಮುಂದಿನ ಕಾಲು ನೆಲ ಮುಟ್ಟುವವರೆಗೆ ಹಿಂದಿನ ಕಾಲು ನೆಲ ಬಿಡಬಾರದು. ಎರಡೂ ಕಾಲು ಒಂದು ಕ್ಷಣ ಗಾಳಿಯಲ್ಲಿದ್ದರೂ ಅದು ಓಟ, ನಡಿಗೆಯಲ್ಲ. ಕೇಳಲು ಎಷ್ಟು ಸುಲಭ ನೋಡಿ. ತೊಡಕು ಏನೆಂದರೆ, ತನ್ನ ಕಾಲು ಏಳುತ್ತಿದೆಯೋ ಇಲ್ಲವೋ ಎಂಬುದು ನಡೆಯುವವನಿಗೆ ಗೊತ್ತಾಗುವುದಿಲ್ಲ. ತಲೆ ಬಗ್ಗಿಸಿ ನೋಡಿದರೆ ನಡಿಗೆಯೇ ಕೆಡುತ್ತದೆ. ಅದು ಹಿಂದಿನಿಂದ ಕೇಳುವವರಿಗೆ ಮಾತ್ರ ಗೊತ್ತು.

ಅದಕ್ಕೇ ಅವರು ಹಿಂದೆ ಬರುತ್ತಿದ್ದುದು. ಮೊದಮೊದಲು ಕಾಲ್ನಡಿಗೆಯಲ್ಲಿ, ನನ್ನ ವೇಗ ಹೆಚ್ಚಿದ ಮೇಲೆ ಸೈಕಲ್ಲಿನಲ್ಲಿ. ಸರಿಯಾದ ಹೆಜ್ಜೆಗೆ ಎರಡು ಸದ್ದು ಎನ್ನುತ್ತಿದ್ದರು: ಹಿಮ್ಮಡಿಯದೊಂದು, ಆಮೇಲೆ ಅಂಗಾಲಿನದೊಂದು. ಕಾಲು ಎದ್ದು ಬಿದ್ದರೆ ಒಂದೇ ಸದ್ದು. ನನ್ನ ಬಲಗಾಲು ಒಂದು ವಾರದಲ್ಲಿ ಕಲಿಯಿತು. ಎಡಗಾಲಿಗೆ ನನ್ನ ಎಸ್ಸೆಸ್ಸೆಲ್ಸಿಯದೇ ಗತಿ.

ಆ ಸೈಕಲ್ಲು ಒಂದು ಸೋಜಿಗ. ಕುರುಬರಹಳ್ಳಿಯ ಸೈಕಲ್ಲುಗಳೆಲ್ಲ ಬರುವ ಮುನ್ನವೇ ಕಿರುಗುಟ್ಟಿ ಸುದ್ದಿ ಕೊಡುತ್ತಿದ್ದವು. ಇವರದಕ್ಕೆ ಸದ್ದೇ ಇಲ್ಲ. ಚೈನು, ಬ್ರೇಕು, ಮಡ್‌ಗಾರ್ಡಿನ ತಿರುಪು, ಸೀಟಿನ ಸ್ಪ್ರಿಂಗು ಎಲ್ಲಕ್ಕೂ ಆ ಕೊಕ್ಕಿನ ಡಬ್ಬಿಯಿಂದ ದಿನವೂ ಎಣ್ಣೆ. ತನ್ನ ಸೈಕಲ್ಲು ಮಾತಾಡಿದರೆ ನನ್ನ ಕಾಲಿನ ಮಾತು ಕೇಳುವುದಿಲ್ಲವಂತೆ. ಇದರಿಂದ ನನಗಾದ ಕಷ್ಟ ಊಹಿಸಿಕೊಳ್ಳಿ. ಅವರು ಹಿಂದೆ ಇದ್ದಾರೋ, ಎಲ್ಲೋ ನಿಂತು ಬೇವಿನ ಕಡ್ಡಿ ಮುರಿಯುತ್ತಿದ್ದಾರೋ ತಿಳಿಯುತ್ತಿರಲಿಲ್ಲ. ತಿರುಗಿ ನೋಡುವಂತಿರಲಿಲ್ಲ. ಇದ್ದಾರೆಂದೇ ನಡೆಯಬೇಕು. ಅವರು ಇಲ್ಲವೆಂದು ಖಾತ್ರಿ ಮಾಡಿಕೊಂಡು ಸ್ವಲ್ಪ ಓಡಿದಾಗಲೆಲ್ಲ ಕಿವಿಯ ಪಕ್ಕದಲ್ಲೇ "ತಮ್ಮಾ" ಎಂಬ ಮಾತು ಕೇಳಿ ಬೆಚ್ಚಿಬಿದ್ದಿದ್ದೇನೆ.

ಎರಡನೆಯ ವಾರ ಮೊಣಕಾಲಿನ ಕೆಳಗೆ, ಮುಂಭಾಗದ ಮೂಳೆಯ ಪಕ್ಕ ನೋವು ಶುರುವಾಯಿತು. ಲೇತಿನ ಮುಂದೆ ಎಂಟು ಗಂಟೆ ನಿಂತು ಮನೆಗೆ ಬಂದರೆ ಕಾಲು ಎರಡು ಹಸಿ ಸೌದೆ. ಅವ್ವ ಹರಳೆಣ್ಣೆ ಬಿಸಿ ಮಾಡಿ ತಿಕ್ಕುತ್ತ ಕೇಳಿದಳು.

"ಅಲ್ಲಿ ಏನ್ ಕಲಿಸ್ತಾರಪ್ಪಾ ಅವರು?"

"ನಡೆಯೋದು ಕಣವ್ವಾ."

"ನೀನು ಹತ್ತು ತಿಂಗಳಿಗೇ ನಡೆದೆಯಲ್ಲೋ. ಇನ್ನೇನ್ ಕಲೀತೀಯ?"

ಮಾರನೆಯ ದಿನ ಅವ್ವನ ಈ ಪ್ರಶ್ನೆಯನ್ನು ಬಸಲಿಂಗಪ್ಪನವರಿಗೇ ಹೇಳಿದೆ. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ನನ್ನನ್ನು ಸೈಟು ಕಲ್ಲಿನ ಮೇಲೆ ಕೂರಿಸಿ, ನೆಲಕ್ಕೆ ಕುಕ್ಕರಗಾಲಲ್ಲಿ ಕೂತು, ನನ್ನ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ನೋವಿನ ಜಾಗ ಒತ್ತಿ ಒತ್ತಿ ನೋಡಿದರು. ತುಂಡು ತಪ್ಪಾದರೆ ಮುಖ ನೋಡದೆ ಕೆಂಪು ಬಳಿಯುವ ಮನುಷ್ಯ. ನಾನು ಕಾಲು ಎಳೆದುಕೊಳ್ಳಲು ಹೋದರೆ ಬಿಡಲಿಲ್ಲ. ಮೂರು ದಿನ ಮಣ್ಣಿನ ಮೇಲೆ ಮಾತ್ರ ನಡೆಸಿದರು. ಆ ಮೂರು ದಿನವೂ ಅವರು ಬಂದರು. ನಾನು ಅರ್ಧ ಗಂಟೆ ಆಮೆಯಂತೆ ನಡೆದು ಮುಗಿಸುವುದನ್ನು ಕೇಳಲು, ಹರಿಶ್ಚಂದ್ರ ಘಾಟಿನ ಆಚೆ ವಠಾರದ ಮನೆಯಿಂದ, ಕತ್ತಲೆ ಹರಿಯುವ ಮುನ್ನ.

ನೋವು ಹೋಯಿತು, ನಾಚಿಕೆ ಬಂತು. ವೇಗದ ನಡಿಗೆಯನ್ನು ನೀವು ನೋಡಿದ್ದರೆ ಗೊತ್ತಿರುತ್ತದೆ, ಅದರಲ್ಲಿ ಸೊಂಟ ತಿರುಗಬೇಕು. ತಿರುಗದಿದ್ದರೆ ಹೆಜ್ಜೆ ಉದ್ದವಾಗುವುದಿಲ್ಲ. ಮೂರನೆಯ ವಾರ ನಮ್ಮ ಅಭ್ಯಾಸ ಖಾಲಿ ಬಡಾವಣೆಯ ಆಚೆ ಜನವಿರುವ ರಸ್ತೆಗೂ ಬಂತು. ಟೀ ಅಂಗಡಿಯ ಮುಂದೆ ನನ್ನ ಬಾಲ್ಯದ ಗೆಳೆಯ ದೇವರಾಜ ಮತ್ತವನ ಗುಂಪು ನಿಂತಿರುತ್ತಿತ್ತು. ಮೊದಲ ದಿನವೇ ದೇವರಾಜ ಲೋಟ ಕೆಳಗಿಟ್ಟು, "ಯಾಕ್ ಮಗಾ, ಮದುವೆ ಹೆಣ್ಣು ಹಸೆಮಣೆಗೆ ಹೋಗ್ತಾ ಇದೆಯೇನೋ?" ಎಂದ. ಎರಡನೆಯ ದಿನ ಅವನು ಎದ್ದು ನನ್ನ ಹಿಂದೆ ನಾಲ್ಕು ಹೆಜ್ಜೆ ಹಾಗೇ ನಡೆದು ತೋರಿಸಿದ. ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡಿದ್ದ ಹೆಂಗಸರೂ ನಕ್ಕರು. ಮೂರನೆಯ ದಿನದಿಂದ ನಾನೊಂದು ಉಪಾಯ ಮಾಡಿದೆ. ಟೀ ಅಂಗಡಿ ಕಂಡ ಕೂಡಲೇ ಓಡತೊಡಗುವುದು, ದಾಟಿದ ಮೇಲೆ ಮತ್ತೆ ನಡಿಗೆ. ಓಡುವವನನ್ನು ಕಂಡು ಯಾರೂ ನಗುವುದಿಲ್ಲ.

ಬಸಲಿಂಗಪ್ಪನವರು ಎರಡು ದಿನ ಸುಮ್ಮನಿದ್ದರು. ಆಮೇಲೊಂದು ದಿನ ಅಂಗಡಿಗೆ ಸ್ವಲ್ಪ ಮೊದಲೇ ನನ್ನನ್ನು ನಿಲ್ಲಿಸಿ, ಸೈಕಲ್ಲನ್ನು ನನ್ನ ಕೈಗೆ ಕೊಟ್ಟರು. ಕಾರ್ಖಾನೆಯ ಖಾಕಿ ಪ್ಯಾಂಟು, ಇಸ್ತ್ರಿ ಮಾಡಿದ ಅಂಗಿ, ಹಣೆಯ ತುಂಬ ವಿಭೂತಿ. ಹಾಗೆಯೇ ನಡೆಯಲು ಶುರುಮಾಡಿದರು. ಸೊಂಟ ತಿರುಗುತ್ತಿತ್ತು, ತೋಳು ತೂಗುತ್ತಿತ್ತು, ಹಿಮ್ಮಡಿ ಅಂಗಾಲು, ಹಿಮ್ಮಡಿ ಅಂಗಾಲು, ಎರಡೆರಡು ಸದ್ದು. ಟೀ ಅಂಗಡಿಯಲ್ಲಿ ಮೊದಲು ಗುಸುಗುಸು, ಆಮೇಲೆ ನಗು. ದೇವರಾಜನಿಗೆ ಟೀ ನೆತ್ತಿಗೆ ಹತ್ತಿತು. ಅವರು ಅಂಗಡಿಯ ಮುಂದೆ ನಿಂತು ಒಂದು ಟೀ ಕೇಳಿ, ನಗುತ್ತಿದ್ದವರ ನಡುವೆಯೇ ಕೂತು ನಿಧಾನವಾಗಿ ಕುಡಿದರು. ದೇವರಾಜನ ಹೆಸರು, ಮನೆ, ಏನು ಓದಿದ್ದಾನೆ ಎಂದೆಲ್ಲ ವಿಚಾರಿಸಿದರು. ಅವನು ಎದ್ದು ನಿಂತು "ಸಾರ್, ಸಾರ್" ಎಂದು ಉತ್ತರ ಕೊಟ್ಟ. ಲೋಟ ಇಟ್ಟು, ಮತ್ತೆ ಅದೇ ನಡಿಗೆಯಲ್ಲಿ ವಾಪಸು ಬಂದರು. ಈ ಸಲ ಯಾರೂ ನಗಲಿಲ್ಲ ಎಂದು ಬರೆಯಲು ಆಸೆ. ಇಲ್ಲ, ನಕ್ಕರು. ಅವರ ಹೆಜ್ಜೆ ಬದಲಾಗಲಿಲ್ಲ, ಅಷ್ಟೇ.

ಸೈಕಲ್ಲು ತೆಗೆದುಕೊಳ್ಳುತ್ತ, "ನಗೋರು ನಗಲಿ. ಅವರು ನಗ್ತಾರಂತ ನೀ ಓಡಿದ್ರೆ, ನಿನ್ನ ಕಾಲು ಅವರದ್ದಾಯ್ತಲ್ಲ" ಎಂದರು. ನಾನು ಆ ದಿನ ಅಂಗಡಿಯ ಮುಂದೆ ನಡೆದೇ ಹೋದೆ. ಕಿವಿ ಬಿಸಿಯಾಗಿತ್ತು. ಹಾಗೆ ಬಿಸಿಯಾದ ಕಿವಿಯಲ್ಲೂ ಹಿಂದಿನಿಂದ ಬಂದ "ಹ್ಞಾಂ" ಎಂಬ ಒಂದು ಮಾತು ಕೇಳಿಸಿತು. ಅದು ಅವರ ಹೊಗಳಿಕೆ. ಐವತ್ತು ವರ್ಷದಲ್ಲಿ ಅದಕ್ಕಿಂತ ಉದ್ದದ್ದು ನನಗೆ ಸಿಗಲಿಲ್ಲ.

ನಾಲ್ಕನೆಯ ವಾರದ ಭಾನುವಾರ ಮೈಸೂರು ರಸ್ತೆಗೆ ಹೋದೆವು. ನಾಯಂಡಹಳ್ಳಿಯಿಂದ ಕೆಂಗೇರಿಗೆ, ಅಲ್ಲಿಂದ ಮರಳಿ. ಆ ರಸ್ತೆಯ ಎರಡೂ ಬದಿಗೆ ದೊಡ್ಡ ಮರಗಳು, ಪಕ್ಕದ ಹೊಳೆಯಲ್ಲಿ ಕಾಲು ತೊಳೆಯುವಂಥ ನೀರು. ಈಗ ಹೇಳಿದರೆ ನೀವು ನಂಬುವುದಿಲ್ಲ. ದೂರದ ನಡಿಗೆಗೆ ಅವರದೊಂದು ನಿಯಮವಿತ್ತು. ದಾರಿಯುದ್ದಕ್ಕೂ ಮಾತಾಡುತ್ತಿರಬೇಕು. ಉಸಿರು ಕಟ್ಟಿ ಮಾತು ನಿಂತರೆ ವೇಗ ಹೆಚ್ಚಾಗಿದೆ ಎಂದು ಅರ್ಥ. ನನಗೋ ಮಾತು ಬಾರದು. ಹಾಗಾಗಿ ಅವರೇ ಹಿಂದಿನಿಂದ ಕೇಳುತ್ತ ಹೋಗುತ್ತಿದ್ದರು: ಎಮ್ಮೆ ಎಷ್ಟು ಹಾಲು ಕೊಡುತ್ತದೆ, ಮುದ್ದೆಗೆ ಸಾರು ಏನು, ಗಂಟು ಬರದಂತೆ ಹೇಗೆ ತಿರುವುತ್ತಾರೆ. ಅವರು ಹರಿಹರದ ಕಡೆಯವರು, ರೊಟ್ಟಿ ಉಂಡು ಬೆಳೆದವರು. ಮುದ್ದೆಯನ್ನು ಅಗಿಯದೆ ನುಂಗುವುದು ಹೇಗೆಂಬುದು ಅವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಮುಖ ಕಾಣದ ಮನುಷ್ಯನೊಬ್ಬನಿಗೆ, ಮುಂದೆ ರಸ್ತೆ ನೋಡಿಕೊಂಡು, ನಾನು ಅಪ್ಪನ ವಿಷಯವನ್ನೂ ಹೇಳಿಬಿಟ್ಟೆ. ಹುಣಸೆ ಮರದ ವಿಷಯವನ್ನೂ. ಅವರು ಕೆಂಗೇರಿಯಲ್ಲಿ ಉಪ್ಪು ಹಾಕಿದ ನಿಂಬೆ ಹೋಳು, ಒಂದು ಅಚ್ಚು ಬೆಲ್ಲ ಕೊಟ್ಟರು. ಮಾರನೆಯ ದಿನ ಬಡಾವಣೆಗೆ ಹೋದಾಗ ಸುಣ್ಣದ ಗೆರೆ ನಮ್ಮ ಹೊಲದ ಮೇಲಿನ ರಸ್ತೆ ಬಿಟ್ಟು ಪಕ್ಕದ ರಸ್ತೆಯಲ್ಲಿತ್ತು.

ಆರನೆಯ ವಾರ ಆಯ್ಕೆ. ಬೆಳಿಗ್ಗೆ, ಮೊದಲ ಪಾಳಿಗೆ ಮುಂಚೆ, ಕಾರ್ಖಾನೆಯ ಕಾಂಪೌಂಡಿನ ಸುತ್ತ ಎಂಟು ಸುತ್ತು. ಏಳು ಜನ ಅಭ್ಯರ್ಥಿಗಳು. ಮೂರು ಮೂಲೆಗಳಲ್ಲಿ ಮೂವರು ತೀರ್ಪುಗಾರರು, ಒಬ್ಬೊಬ್ಬರ ಕೈಯಲ್ಲೂ ಕೆಂಪು ಬಾವುಟ. ಯಾರ ಕಾಲಾದರೂ ಎದ್ದರೆ ಬಾವುಟ ಎತ್ತುತ್ತಾರೆ. ಇಬ್ಬರು ಎತ್ತಿದರೆ ಹೊರಗೆ. ಹಿಂಬದಿ ಗೇಟಿನ ಮೂಲೆಯಲ್ಲಿ ನಿಂತವರು ಬಸಲಿಂಗಪ್ಪನವರು. ಉಳಿದಿಬ್ಬರಿಗೂ ನಡಿಗೆಯ ನಿಯಮ ಹೇಳಿಕೊಟ್ಟವರೇ ಅವರಾಗಿದ್ದರಿಂದ ಬೇರೆ ದಾರಿಯೂ ಇರಲಿಲ್ಲ.

ಐದನೆಯ ಸುತ್ತಿನಲ್ಲಿ ಆಫೀಸಿನ ಮೂಲೆಯವರು ನನಗೆ ಬಾವುಟ ಎತ್ತಿದರು. ಸರಿಯಾಗಿಯೇ ಎತ್ತಿದರು, ಒಬ್ಬನನ್ನು ದಾಟುವ ಆತುರದಲ್ಲಿದ್ದೆ. ಆಮೇಲೆ ಎಚ್ಚರದಿಂದ ನಡೆದೆ. ಕೊನೆಯ ಸುತ್ತಿಗೆ ಬಂದಾಗ ನಾನು ಎರಡನೆಯವನು. ಹಿಂದಿನವನು ಇಪ್ಪತ್ತು ಮೂವತ್ತು ಹೆಜ್ಜೆ ದೂರ. ಹೀಗೇ ನಡೆದು ಹೋದರೆ ಸಾಕಿತ್ತು. ಕಾಂಪೌಂಡಿನ ಹೊರಗೆ ಅವ್ವ ಹಾಲಿನ ಕ್ಯಾನು ಪಕ್ಕಕ್ಕಿಟ್ಟುಕೊಂಡು ನಿಂತಿದ್ದಳು. ಹಿಂಬದಿ ಗೇಟಿನ ಮೂಲೆ ಹತ್ತಿರ ಬಂತು. ಆಗ ಸೈರನ್ ಮೊಳಗಿತು.

ನಾನೇನೂ ಯೋಚಿಸಲಿಲ್ಲ ಎಂಬುದನ್ನು ನೀವು ನಂಬಬೇಕು. ಎರಡು ವರ್ಷ ದಿನವೂ ಆ ಸದ್ದಿಗೆ ಓಡಿದ ಕಾಲುಗಳು. ತಡವಾಯಿತು ಎಂದು ಅವೇ ತಿಳಿದುಕೊಂಡವು. ಮೂರೋ ನಾಲ್ಕೋ ಹೆಜ್ಜೆ. ನನಗೇ ತಿಳಿಯುವ ಮುಂಚೆ ಮತ್ತೆ ನಡಿಗೆಗೆ ಬಂದಿದ್ದವು. ಸೈರನ್ನಿನ ಅಬ್ಬರದಲ್ಲಿ ಕಾಲಿನ ಸದ್ದು ಯಾರಿಗೆ ತಾನೇ ಕೇಳಬೇಕು? ತಲೆಯೆತ್ತಿ ನೋಡಿದೆ. ಬಸಲಿಂಗಪ್ಪನವರು ನನ್ನ ಕಡೆಯೇ ನೋಡುತ್ತಿದ್ದರು. ಕೈ ಮೇಲೆ ಹೋಯಿತು. ಬಾವುಟ ಕೆಂಪಗಿತ್ತು.

ಆ ದಿನ ಲೇತಿನ ಮುಂದೆ ಹೇಗೆ ನಿಂತೆನೋ. ಇನ್‌ಸ್ಪೆಕ್ಷನ್ ಸೆಕ್ಷನ್ನಿನ ಕಡೆ ತಿರುಗಲಿಲ್ಲ. ತಂಡಕ್ಕೆ ಬೇರಿಬ್ಬರು ಆಯ್ಕೆಯಾದರು, ಮುಂದೆ ಕಾಯಂ ಕೂಡ ಆದರು. ಆ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ.

ಮಾರನೆಯ ಬೆಳಿಗ್ಗೆ ಐದು ಗಂಟೆಗೆ ಅವ್ವ ಹಾಲು ಕರೆಯಲು ಕೊಟ್ಟಿಗೆಗೆ ಹೋದವಳು ಅಲ್ಲಿಯೇ ನಿಂತಳು. ಬೇಲಿಯ ಆಚೆ ಸೈಕಲ್ಲು ಹಿಡಿದು ಅವರು ನಿಂತಿದ್ದರು. ಸದ್ದಿಲ್ಲದೆ ಬಂದಿದ್ದರು. ನಾನು ಒಳಗೆ ಕಂಬಳಿ ಹೊದ್ದು ಎಲ್ಲವನ್ನೂ ಕೇಳಿಸಿಕೊಂಡೆ.

"ನೀವೇ ಬಾವುಟ ಎತ್ತಿದ್ರಲ್ಲ ಸ್ವಾಮಿ. ನಾನೇ ನೋಡ್ದೆ" ಎಂದಳು ಅವ್ವ.

"ಹೌದ್ರಿ ಅಕ್ಕಾ. ನಾನೇ ಎತ್ತಿದ್ದು."

"ಇನ್ನೇನಿದೆ ಅಂತ ಬಂದ್ರಿ?"

"ಎಡಗಾಲು ಇನ್ನೂ ಏಳ್ತಾ ಐತಲ್ರಿ" ಎಂದರು.

ಅವ್ವ ಹಾಲು ಕರೆಯಲು ಕೂತಳು. ನಾನು ಏಳಲಿಲ್ಲ. ಅರ್ಧ ಗಂಟೆ ಕಾದು ಹೋದರು. ಎರಡನೆಯ ದಿನವೂ ಬಂದರು, ಕಾದರು, ಹೋದರು. ಮೂರನೆಯ ದಿನ ಅವ್ವ ಅವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು, ಒಳಗೆ ಬಂದು ನನ್ನ ಕಂಬಳಿ ಎಳೆದಳು. "ಹೋಗೋ. ಕೆಲಸ ಕೊಡೋಕೆ ಬಂದಿಲ್ಲ ಅವರು. ಕೊಡ್ತೀನಿ ಅಂತ ಬಂದಿದ್ರೆ ನಾನೇ ಓಡಿಸ್ತಿದ್ದೆ" ಎಂದಳು. ಎದ್ದು ಹೋದೆ. ನಾನು ಮುಂದೆ, ಅವರು ಹಿಂದೆ. ಕ್ಷಮೆ, ಸಮಾಧಾನ, ವಿವರಣೆ, ಯಾವುದೂ ಇಲ್ಲ. ಬಡಾವಣೆಯ ಕೊನೆ ಮುಟ್ಟಿ ತಿರುಗುವಾಗ ನನ್ನ ಕಣ್ಣಲ್ಲಿ ನೀರಿತ್ತು. ಹಿಂದಿದ್ದವರಿಗೆ ಅದು ಕಾಣುವಂತಿರಲಿಲ್ಲ. ಆದರೂ ಒಂದು ಮಾತು ಬಂತು: "ನಿಧಾನ, ತಮ್ಮ. ಅವಸರ ಇಲ್ಲ."

ನಾಯಂಡಹಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತಿಗೆ ಸೇರಿಕೊಂಡೆ. ಅಲ್ಲಿಯೇ ಮೂವತ್ತೈದು ವರ್ಷ ಕಳೆದೆ. ಎಮ್ಮೆಗಳು ಹೋದವು, ಅವ್ವ ಹೋದಳು, ಕುರುಬರಹಳ್ಳಿ ಹೆಸರಿನಲ್ಲಷ್ಟೇ ಉಳಿಯಿತು. ನಾನು ಹದಿನೈದು ವರ್ಷ ಅಲ್ಲಲ್ಲಿ ಸ್ಪರ್ಧೆಗಳಲ್ಲಿ ನಡೆದೆ. ಒಮ್ಮೆ ಮೂರನೆಯವನಾಗಿ ಒಂದು ಹಿತ್ತಾಳೆ ಬಟ್ಟಲು ಗೆದ್ದೆ. ಹೇಳಿಕೊಳ್ಳುವ ಸಾಧನೆಯೇನಲ್ಲ. ಆದರೆ ಇಷ್ಟು ಹೇಳಬಲ್ಲೆ: ಆ ದಿನದ ನಂತರ ನನಗೆ ಯಾರೂ ಕೆಂಪು ಬಾವುಟ ಎತ್ತಲಿಲ್ಲ. ವರ್ಕ್‌ಶಾಪಿನಲ್ಲಿ ಮಾಲೀಕರು ನನ್ನ ತುಂಡುಗಳನ್ನು ಅಳೆಯುವುದನ್ನು ಬಿಟ್ಟರು. ಅಳೆಯುವವರಿಲ್ಲದಿದ್ದರೂ ನಾನು ಅಳೆಯುತ್ತಿದ್ದೆ. ಹಿಂದೆ ಸದ್ದಿಲ್ಲದ ಸೈಕಲ್ಲು ಇದ್ದೇ ಇದೆ ಎಂಬ ಅಭ್ಯಾಸ ಕೈಗೂ ಬಂದಿತ್ತು.

ಕೆಲವು ವರ್ಷಗಳ ಹಿಂದೆ, ಅವರ ಹೆಂಡತಿ ಗೌರಮ್ಮನವರು ಇನ್ನೂ ಇದ್ದಾಗ, ಒಂದು ಭಾನುವಾರ ಧೈರ್ಯ ಮಾಡಿ ಕೇಳಿದೆ. ಅಷ್ಟು ಜೋರು ಸೈರನ್ನಿನಲ್ಲಿ ಕೇಳಿಸಲಿಲ್ಲ ಎಂದಿದ್ದರೆ ಯಾರು ಪ್ರಶ್ನೆ ಮಾಡುತ್ತಿದ್ದರು ಸಾರ್, ಎಂದೆ. ಅವರು ಕಾಫಿ ಲೋಟ ತಿರುಗಿಸುತ್ತ ಕೂತರು.

"ಯಾರೂ ಕೇಳ್ತಿರಲಿಲ್ಲ. ಆದ್ರೆ ಕೇಳಿಸಿಬಿಡ್ತಲ್ಲ ತಮ್ಮ" ಎಂದರು.

ಅವರು ಒಳಗೆ ಹೋದ ಮೇಲೆ ಗೌರಮ್ಮನವರು ತಗ್ಗಿದ ದನಿಯಲ್ಲಿ ಹೇಳಿದರು. ಬಾವುಟ ಎತ್ತಿದ ಆ ದಿನ ಕಾರ್ಖಾನೆಯಿಂದ ಬಂದವರೇ ವಠಾರದ ಅಂಗಳದಲ್ಲಿ ಸೈಕಲ್ಲನ್ನು ಪೂರ್ತಿ ಬಿಚ್ಚಿ ಹಾಕಿದರಂತೆ. ಪ್ರತಿ ತುಂಡನ್ನೂ ಒರೆಸಿ, ಎಣ್ಣೆ ಹಾಕಿ, ಜೋಡಿಸಿ, ಒಂದು ಸುತ್ತು ಹೊಡೆದು ಬಂದು, ಮತ್ತೆ ಬಿಚ್ಚಿದರಂತೆ. ಏನು ಸದ್ದು ಬರ್ತಿದೆ ಅದರಲ್ಲಿ ಎಂದು ಗೌರಮ್ಮನವರು ಕೇಳಿದರೆ, "ಏನೂ ಇಲ್ಲ" ಎಂದರಂತೆ.

ಹೋದ ಭಾನುವಾರ ಮತ್ತೆ ಕೆಂಗೇರಿಗೆ ಹೋದೆ. ಮನೆಯೊಳಗೆ ಹೋಗಲಿಲ್ಲ. ಪಾರ್ಕಿಗೆ ಹೋಗಿ, ಅಂಗಿ ಸರಿಮಾಡಿಕೊಂಡು ನಡೆಯಲು ಶುರುಮಾಡಿದೆ. ಸೊಂಟ ತಿರುಗುವುದನ್ನು ನೋಡಿ ಬೆಂಚಿನ ಮೇಲಿದ್ದ ಇಬ್ಬರು ಹುಡುಗರು ನಕ್ಕರು. ನಗಲಿ ಎಂದುಕೊಂಡು ಅವರ ಮುಂದೆ ಎಂದಿನ ಹೆಜ್ಜೆಯಲ್ಲೇ ಹೋದೆ. ಎರಡನೆಯ ಸುತ್ತಿನಲ್ಲಿ ಅದೇ ತಿರುವಿಗೆ ಬಂದಾಗ, ಐವತ್ತು ವರ್ಷದಲ್ಲಿ ಮೊದಲ ಸಲ ನಿಯಮ ಮುರಿದು ಹಿಂದಕ್ಕೆ ತಿರುಗಿ ನೋಡಿದೆ. ದಾರಿ ಖಾಲಿ ಇತ್ತು. ಮತ್ತೆ ಮುಂದೆ ತಿರುಗಿ, ನನ್ನ ಕಾಲಿನ ಸದ್ದನ್ನು ನಾನೇ ಕೇಳಿಸಿಕೊಳ್ಳಲು ನೋಡಿದೆ. ಉಸಿರಿನ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಸುತ್ತು ಮುಗಿಸಿ ಮನೆಗೆ ಬಂದೆ.

ನನ್ನ ಎಡಗಾಲು ಏಳುತ್ತಿದೆಯೋ ಇಲ್ಲವೋ ಹೇಳಲು ಈಗ ಹಿಂದೆ ಯಾರೂ ಇಲ್ಲ.